ಅರ್ಧಾ ಕಳೀರಿ

ದೇವಿಕೊಪ್ಪದ ಹುಚ್ಚಪ್ಪ ಸುಳ್ಳುಗಾರನೇನಲ್ಲ. ಗುಲಗಂಜಿಯನ್ನು ಗುಡ್ಡ ಮಾಡುವ ಬಾಯಿ, ಅಷ್ಟೇ. ಆತ ಕಂಡ ಹಾವು ಹನ್ನೆರಡು ಅಡಿಗೆ ಕಡಿಮೆ ಇರುತ್ತಿರಲಿಲ್ಲ. ಆತನಿಗೆ ಜ್ವರ ಬಂದರೆ ಹೊದ್ದ ಕೌದಿ ಹೊಗೆಯಾಡುತ್ತಿತ್ತು. ಹೆಂಡತಿ ರೇಣುಕವ್ವ ಬಾಜು ಇದ್ದರೆ ಕೂಡಲೇ, "ಅರ್ಧಾ ಕಳೀರಿ," ಅನ್ನುತ್ತಿದ್ದಳು. ಕಟ್ಟೆಯ ಮಂದಿ ನಗುತ್ತಿದ್ದರು, ಹುಚ್ಚಪ್ಪನೂ ನಗುತ್ತಿದ್ದ. ಗಂಡನ ಮಾನ ಕಾಯುವುದೆಂದರೆ ಇದೇ ಎಂದು ಇಪ್ಪತ್ತೆಂಟು ವರ್ಷ ನಂಬಿಕೊಂಡು ಬಂದಿದ್ದಳು, ಪಾಪ.

ಆ ಸೋಮವಾರ ಬೆಳಿಗ್ಗೆ ಆತ ರೊಟ್ಟಿ ಮುಟ್ಟದೆ ಎದೆ ಒತ್ತಿಕೊಂಡು ಕೂತ. ರೇಣುಕವ್ವ ಒಂಬತ್ತರ ಬಸ್ಸಿಗೆ ಕಲಘಟಗಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರು ಹೊಸಬರು, ಎಳೆ ವಯಸ್ಸು. ಹೊರಗೆ ಮಂದಿ ಬಾಗಿಲತನಕ ನಿಂತಿದ್ದರು.

"ಹ್ಯಾಂಗ ಆಗತೈತಿ, ಹೇಳ್ರಿ."

"ಎದಿ ಮ್ಯಾಲೆ ಕಬ್ಬಿನ ಚಕ್ಕಡಿ ನಿಂತಂಗ ಆಗೈತ್ರಿ. ನಿನ್ನಿ ಸಂಜಿಯಿಂದ."

ರೇಣುಕವ್ವನ ನಾಲಿಗೆ ಸುಮ್ಮನಿದ್ದೀತೇ? "ಚಕ್ಕಡಿ ಅಲ್ರಿ ಸಾಹೇಬ್ರ, ಒಂದು ಹೊರಿ ಅಂತ ಬರ್ಕೋರಿ. ಇವರ ಮಾತಿನಾಗ ಅರ್ಧಾ ಕಳೀಬೇಕ್ರಿ."

ಡಾಕ್ಟರಿಗೆ ನಗು ಬಂತು. "ಎಡಗೈಗೇನರ ಇಳದೈತೇನು ನೋವು?"

ಹುಚ್ಚಪ್ಪ ಒಮ್ಮೆ ಹೆಂಡತಿಯ ಮುಖ ನೋಡಿದ. "ಇಲ್ರಿ," ಅಂದ. "ಆಕಿ ಹೇಳಿದಂಗ, ಸಣ್ಣದ ಐತ್ರಿ."

"ಗ್ಯಾಸ್ ಇರಬೇಕು," ಎಂದು ಡಾಕ್ಟರು ಗುಳಿಗೆ ಬರೆದರು. "ಸಂಶೇ ಇದ್ರ ಕೂಡ್ರಿ. ಇಸಿಜಿ ತಗಿಯವ್ರು ಮಧ್ಯಾಹ್ನ ಬರತಾರ."

"ಅಷ್ಟೇನ ಬ್ಯಾಡ ಬಿಡ್ರಿ," ಅಂದವಳು ರೇಣುಕವ್ವನೇ.

ಊರಿಗೆ ಹೊರಟ ಬಸ್ಸಿನಲ್ಲಿ ಹುಚ್ಚಪ್ಪ ಕಿಟಕಿಗೆ ತಲೆ ಆನಿಸಿ ಕೂತ.

"ಹ್ಯಾಂಗೈತ್ರಿ ಈಗ?"

"ಏನೂ ಇಲ್ಲ ಬಿಡು."

ಮುಳ್ಳು ಚುಚ್ಚಿದರೆ ಗುದ್ದಲಿಯೇ ಬಿತ್ತು ಅನ್ನುವ ಮನುಷ್ಯ, ಏನೂ ಇಲ್ಲ ಅಂದ! ರೇಣುಕವ್ವ ಆತನ ಬೆನ್ನು ಮುಟ್ಟಿದಳು. ಅಂಗಿ ಬೆವರಿನಿಂದ ತೊಯ್ದು ತೊಪ್ಪೆಯಾಗಿತ್ತು.

"ಯಲ್ಲೇಶಾ, ಬಸ್ ಹೊಳ್ಳಸೋ!" ಕಂಡಕ್ಟರನಿಗೆ ಚೀರಿದಳು. "ನಿಮ್ಮ ಕಾಕಾ ಉಳಿಯೂದಿಲ್ಲೋ!"

ಯಲ್ಲೇಶ ಅದೇ ಊರಿನವನು, ಕಟ್ಟೆಯ ನಗೆಯಲ್ಲೇ ಬೆಳೆದವನು. "ಕಾಕಾನ ಚಾಳಿ ನಿನಗೂ ಹತ್ತಿತೇನ ಕಾಕಿ? ಅರ್ಧಾ ಕಳೀಲೇನು?" ಅಂದ. ಬಸ್ಸು ಬಸ್ಸೇ ನಕ್ಕಿತು.

ಆಕೆ ಕೈಮುಗಿದಳು, ಅತ್ತಳು. ಆದರೂ ಹಿಂದಿನ ಸೀಟಿನಲ್ಲಿ ಇಬ್ಬರು ನಗುತ್ತಲೇ ಇದ್ದರು. ತಾನೇ ಕಲಿಸಿದ ಪಾಠ, ಯಾರ ಮೇಲೆ ಸಿಟ್ಟಾಗಬೇಕು? ಹುಚ್ಚಪ್ಪ ಸೀಟಿನಿಂದ ಕೆಳಗೆ ಜಾರಿದಾಗಲೇ ನಗು ನಿಂತಿತು, ಬಸ್ಸು ತಿರುಗಿತು.

ದವಾಖಾನೆಯಲ್ಲಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಡಾಕ್ಟರು ಎದೆ ಒತ್ತಿದರು, ಸೂಜಿ ಚುಚ್ಚಿದರು, ಮತ್ತೆ ಒತ್ತಿದರು. ರೇಣುಕವ್ವ ಅವರ ತೋಳು ಹಿಡಿದುಕೊಂಡಳು.

"ನಿನ್ನಿ ಸಂಜಿಯಿಂದ್ರಿ ಸಾಹೇಬ್ರ, ಅವರು ಹೇಳಿದ್ದ ಖರೇ. ಚಕ್ಕಡಿನ ನಿಂತಿತ್ರಿ. ಕೈಗೂ ಇಳದಿರಬೇಕು, ನಾ ಬಾಜೂಕ ಇದ್ದೆ ಅಂತ ಹೇಳಲಿಲ್ಲ. ಏನೂ ಕಳೀಬ್ಯಾಡ್ರಿ. ಅಷ್ಟೂ ಬರ್ಕೋರಿ."

ಡಾಕ್ಟರು ಹುಚ್ಚಪ್ಪನ ಮಣಿಕಟ್ಟು ಮೆಲ್ಲಗೆ ಕೆಳಗಿಟ್ಟರು. ಪೆನ್ನು ಜೇಬಿನಲ್ಲೇ ಇತ್ತು. ಆಕೆ ಇನ್ನೂ ಹೇಳುತ್ತಲೇ ಇದ್ದಳು.