ಎದುರು ಬಂದವಳು

ತಿಮ್ಮಪ್ಪಗೌಡರ ಮನೆಯಿಂದ ಜೀಪು ಹೊರಡುವುದಕ್ಕೆ ಒಂದು ಕ್ರಮವಿತ್ತು. ಗೌಡರು ಜಗಲಿಯಲ್ಲಿ ನಿಂತು ಗಟ್ಟಿಯಾಗಿ ಗಂಟಲು ಸರಿಮಾಡಿಕೊಳ್ಳಬೇಕು. ಆ ಸದ್ದು ಕೇಳಿದೊಡನೆ ಅವರ ತಂಗಿ ವಾರಿಜ ಕೈಯಲ್ಲಿದ್ದ ಕೆಲಸವನ್ನು ಹಾಗೇ ಬಿಟ್ಟು ಅಡುಗೆಮನೆಯ ಬಾಗಿಲ ಹಿಂದೆ ಸರಿಯಬೇಕು. ಆಮೇಲೆ ಗೌಡರ ಹೆಂಡತಿ ಕೃಷ್ಣಮ್ಮ ತುಂಬಿದ ಚೆಂಬು ಹಿಡಿದು ಗಂಡನಿಗೆ ಎದುರಾಗಿ ಬರಬೇಕು. ಜೀಪು ಗೇಟು ದಾಟಿ ಅದರ ಸದ್ದು ಕಾಫಿ ತೋಟದೊಳಗೆ ಕರಗುವ ತನಕ ವಾರಿಜ ಹೊರಗೆ ತಲೆ ಹಾಕುವಂತಿಲ್ಲ. ಎಷ್ಟೋ ಸಲ ಕಾವಲಿಯ ಮೇಲಿನ ಅಕ್ಕಿರೊಟ್ಟಿ ಸೀದು ಹೊಗೆ ಎದ್ದರೂ ಅವಳು ಕದಲಿರಲಿಲ್ಲ.

ಕಾರಣ ಇಷ್ಟೇ. ವಾರಿಜ ವಿಧವೆ. ಮದುವೆಯಾಗಿ ಮೂರು ವರ್ಷ ತುಂಬುವುದರೊಳಗೆ ಗಂಡ ಕಾಮಾಲೆಯಲ್ಲಿ ತೀರಿಕೊಂಡಿದ್ದ. ವಿಧವೆ ಎದುರು ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ಆ ಮನೆಯವರು ನಂಬಿದ್ದರು. ಗೌಡರನ್ನೊಬ್ಬರನ್ನೇ ದೂರುವುದು ಬೇಡ. ಓದುವ ನಮ್ಮ ನಿಮ್ಮ ಮನೆಗಳಲ್ಲೂ ಹೊರಡುವಾಗ ದಾರಿಯ ಆ ತುದಿ ಈ ತುದಿ ನೋಡುವವರು ಇದ್ದೇ ಇದ್ದಾರೆ.

ಬಾಗಿಲ ಹಿಂದೆ ವಾರಿಜಳಿಗೆ ಜೊತೆಯೂ ಇತ್ತು. ಅವಳ ತಾಯಿ ನಂಜಮ್ಮ ಇನ್ನೂ ಎಳೆಯ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಅಂದಿನಿಂದ ಅದೇ ಬಾಗಿಲ ಹಿಂದೆ ನಿಂತು ಹಣ್ಣಾದವರು. ಮಗಳು ಬಂದು ಪಕ್ಕದಲ್ಲಿ ನಿಂತಾಗ ಆ ತಾಯಿ ಒಂದು ಮಾತೂ ಆಡದೆ ಸ್ವಲ್ಪ ಸರಿದು ಜಾಗ ಕೊಟ್ಟರು. ನನಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸುವುದು ಇದೇ.

ಹಾಗೆಂದು ವಾರಿಜಳ ಕೈಯಡುಗೆಗೆ ಯಾವ ಮೈಲಿಗೆಯೂ ಇರಲಿಲ್ಲ. ಅವಳ ಕಡುಬು, ಕಳಲೆ ಪಲ್ಯ, ಕೋಳಿಸಾರನ್ನು ತಿಂದ ನೆಂಟರು ಬೆರಳು ಚೀಪುತ್ತಾ "ಕೃಷ್ಣಮ್ಮೋರ ಕೈರುಚಿಯೇ ರುಚಿ" ಎಂದು ಹೊಗಳುವರು. ಕೃಷ್ಣಮ್ಮ ಕೆಟ್ಟವಳಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ, ಗಂಡನ ಮುಖ ಒಮ್ಮೆ ನೋಡಿ, ಸುಮ್ಮನಾಗುವಳು. ಬೇಯಿಸಿದ ಕೈ ಆಗಬಹುದು, ಬಡಿಸುವ ಕೈ ಆಗದು. ಇದು ಯಾವ ಶಾಸ್ತ್ರವೋ!

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹತ್ತಿರದ ಬಣಕಲ್ಲಿನಲ್ಲಿ ರಸ್ತೆಗೆ ಅಂಟಿಕೊಂಡಿದ್ದ ಹಳೆಯ ಕಾಫಿ ಗೋದಾಮನ್ನು ಮಹಿಳಾ ಸೇವಾಸಂಘವೊಂದು ಬಾಡಿಗೆಗೆ ಹಿಡಿದು, ಹೆಂಗಸರಿಗೆ ಹೋಟೆಲ್ ಕೆಲಸ ಕಲಿಸಲು ತೊಡಗಿತು. ಕಲಿಯುವವರು ಏನೂ ಕೊಡಬೇಕಾಗಿರಲಿಲ್ಲ. ಹೆಚ್ಚು ಜನಕ್ಕೆ ಅಡುಗೆ ಮಾಡುವುದು, ಬಡಿಸುವುದು, ಕೋಣೆ ಒಪ್ಪವಾಗಿಡುವುದು, ಬಂದವರನ್ನು ಬರಮಾಡಿಕೊಳ್ಳುವುದು, ಎಲ್ಲವನ್ನೂ ಕಲಿಸಿ ಕೆಲಸವನ್ನೂ ಹುಡುಕಿಕೊಡುತ್ತಿದ್ದರು. ಗೋದಾಮಿನ ಮುಂಭಾಗವೇ ಅಭ್ಯಾಸದ ಹೋಟೆಲು. ಘಾಟಿ ಇಳಿಯುವ ಬಸ್ಸುಗಳು ಅಲ್ಲಿ ನಿಲ್ಲುತ್ತಿದ್ದವು.

ಸುದ್ದಿ ತಂದವಳು ಜೊಹರಾ. ಅವಳ ಗಂಡ ಗೌಡರ ಜೀಪು ರಿಪೇರಿ ಮಾಡುವ ಮೆಕ್ಯಾನಿಕ್ಕು.

"ವಾರಿಜಕ್ಕ, ನಾನು ಸೇರ್ಕೊಂಡೆ. ನೀವೂ ಬನ್ನಿ. ನಿಮ್ ಕಡುಬು ತಿಂದ್ರೆ ಬಸ್ಸಿನೋರು ಊರಿಗೆ ಹೋಗೋದೇ ಮರೀತಾರೆ" ಎಂದಳು.

ನಂಜಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಹೋಟ್ಲಲ್ಲಿ ಲೋಟ ತೊಳೆಯೋ ಗತಿ ಬಂದಿಲ್ಲ ನಮ್ಗೆ. ಗಂಡ ಸತ್ತೋಳು ಗೌರವವಾಗಿ ಒಳಗಿರ್ಬೇಕು."

"ಒಳಗೇ ಇದೀನಲ್ಲ ಅವ್ವ," ಎಂದಳು ವಾರಿಜ. "ಇಷ್ಟು ವರ್ಷ ಒಳಗಿದ್ದು ನಂಗೆ ಬಂದ ಗೌರವ ಯಾವುದು, ಒಂದ್ ಹೇಳು ನೋಡಾಣ."

ಗೌಡರೂ ಬೇಡವೆನ್ನುವವರೇ. ಆದರೆ ಸಂಘದ ಅಧ್ಯಕ್ಷೆ ದೊಡ್ಡ ಪ್ಲಾಂಟರೊಬ್ಬರ ಹೆಂಡತಿ. ಕ್ಲಬ್ಬಿನಲ್ಲಿ ಸಿಕ್ಕಾಗ ಅವರೇ "ನಿಮ್ಮ ತಂಗೀನ ಕಳಿಸಿ ಗೌಡ್ರೇ" ಎಂದುಬಿಟ್ಟರು. ಅವರೆದುರು ಗೌಡರ ನಾಲಿಗೆ ಏಳಲಿಲ್ಲ. ಮನೆಗೆ ಬಂದು, "ಅಡುಗೆ ಕಲ್ತುಕೊಂಡು ಬರ್ಲಿ, ಅದ್ರಲ್ಲೇನು" ಎಂದು ದೊಡ್ಡ ಮನಸ್ಸು ಮಾಡಿದವರಂತೆ ಅಪ್ಪಣೆ ಕೊಟ್ಟರು.

ಸಂಘದಲ್ಲಿ ಕಲಿಸುವವರು ಓಂಕಾರಮೂರ್ತಿ ಮೇಷ್ಟ್ರು. ಮೈಸೂರಿನ ಹೋಟೆಲೊಂದರಲ್ಲಿ ತಲೆ ನರೆಯುವವರೆಗೆ ದುಡಿದು ಬಂದವರು. ಅವರ ಮೊದಲ ಪಾಠ ಒಲೆಯ ಬಳಿ ಅಲ್ಲ, ಬಾಗಿಲಲ್ಲಿ. "ಊಟ ಶುರುವಾಗೋದು ಇಲ್ಲಿಂದ. ಬಂದವರ ಮುಖ ನೋಡಿ ಬನ್ನಿ ಅನ್ನಬೇಕು. ಆಮೇಲೆ ನೀರು. ಆಮೇಲೆ ಊಟ" ಎಂದು ಹೇಳಿ, ಅಂದು ಬಾಗಿಲಲ್ಲಿ ನಿಲ್ಲುವ ಕೆಲಸವನ್ನು ವಾರಿಜಳಿಗೇ ಕೊಟ್ಟರು.

ಬೆಳಗಿನ ಮಂಗಳೂರು ಬಸ್ಸು ಬಂದು ನಿಂತಿತು. ಡ್ರೈವರ್ ಭೂತಯ್ಯ ಇಳಿದು, ಮೆಟ್ಟಿಲ ಬಳಿ ನಿಂತು, ಬೆಳಗಿನ ಚಳಿಗೆ ಗಟ್ಟಿಯಾಗಿ ಗಂಟಲು ಸರಿಮಾಡಿಕೊಂಡ. ಅಷ್ಟೇ. ವಾರಿಜ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟು, ಬಾಗಿಲ ಹಿಂದೆ ಸರಿದು, ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟಳು. ಹುಡುಗಿಯರು ಕಿಸಕ್ಕನೆ ನಕ್ಕರು. ಅವಳಿಗೆ ತಾನು ಸರಿದದ್ದು ತಿಳಿದದ್ದೇ ಆ ನಗು ಕೇಳಿದ ಮೇಲೆ.

ಮೇಷ್ಟ್ರು ಗದರಲಿಲ್ಲ. "ಯಾಕೆ ವಾರಿಜಮ್ಮ?" ಎಂದರು.

ವಾರಿಜ ಹೊರಬಂದು ನೇರವಾಗಿ ಭೂತಯ್ಯನಿಗೇ ಹೇಳಿದಳು. "ನಾನು ಗಂಡ ಇಲ್ದೋಳು. ನಿಮ್ದು ಘಾಟಿ ದಾರಿ, ಹಿಂದೆ ಅಷ್ಟೊಂದು ಜನ. ನನ್ ಮುಖ ನೋಡ್ಕೊಂಡು ಇಳೀಬೇಡಿ."

ಭೂತಯ್ಯ ಮೆಟ್ಟಿಲು ಹತ್ತಿ ಬಂದ. "ಅಲ್ಲ ತಾಯೀ, ಬಸ್ಸು ಘಾಟಿ ಇಳಿಯೋದು ಬ್ರೇಕಿನ ಮೇಲೆ. ಬ್ರೇಕು ನಾನೇ ನೋಡಿದೀನಿ. ಇನ್ನು ನಂಗೆ ಬೇಕಾಗಿರೋದು ಒಂದು ಬಿಸಿ ಕಾಫಿ. ಕೊಡ್ತೀರೋ ಇಲ್ಲೋ?"

ಅವಳು ಕೊಟ್ಟಳು. ಅವನು ಕುಡಿದು ಹೊರಟ. ಆಮೇಲೆ ಇಡೀ ದಿನ ವಾರಿಜಳಿಗೆ ಜೀವದಲ್ಲಿ ಜೀವವಿರಲಿಲ್ಲ. ಈರುಳ್ಳಿ ಹೆಚ್ಚುತ್ತಾ ಬೆರಳು ಕೊಯ್ದುಕೊಂಡಳು, ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ದೂರದಲ್ಲಿ ಹಾರ್ನ್ ಕೇಳಿದಾಗಲೆಲ್ಲ ಕಿಟಕಿಗೆ ಓಡಿದಳು. ಸಂಜೆ ಅದೇ ಬಸ್ಸು ಏದುಸಿರು ಬಿಡುತ್ತಾ ಮೇಲೆ ಬಂದು ನಿಂತು, ಭೂತಯ್ಯ ಇಳಿದು "ಇನ್ನೊಂದು ಕಾಫಿ, ತಾಯೀ" ಎಂದಾಗ ಅವಳು ಒಳಗೆ ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಗಂಡ ಸತ್ತಾಗ ಅತ್ತ ಅಳುವಲ್ಲ ಅದು.

ಆ ಮಳೆಗಾಲವಿಡೀ ಭೂತಯ್ಯ ಅವಳ ಕೈಯ ಕಾಫಿ ಕುಡಿದೇ ಘಾಟಿ ಇಳಿದ. ಗುಡ್ಡ ಜರಿದು ದಾರಿ ಮುಚ್ಚಿದ ದಿನಗಳಲ್ಲೂ ತಡವಾಗಿಯಾದರೂ ವಾಪಸು ಬಂದ. ವಾರಿಜಳ ಬೆನ್ನು ನೆಟ್ಟಗಾಯಿತು. ಬಂದವರ ಮುಖ ನೋಡಿ ಹಸಿದಿದ್ದಾರೋ ದಣಿದಿದ್ದಾರೋ ಹೇಳಬಲ್ಲವಳಾದಳು. ತರಬೇತಿ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರಿನಲ್ಲಿ ಸಂಘದವರು ತೆರೆಯಲಿದ್ದ ವಸತಿಗೃಹವನ್ನು ಅವಳೇ ನಡೆಸಬೇಕೆಂದು ಮೇಷ್ಟ್ರು ಗೊತ್ತುಮಾಡಿದ್ದರು.

ಅಷ್ಟರಲ್ಲಿ ಗೌಡರ ಮಗಳು ಶೈಲಾಳ ಮದುವೆ ನಿಶ್ಚಯವಾಯಿತು. ಆ ವರ್ಷ ಮುಹೂರ್ತಗಳು ಒತ್ತೊತ್ತಾಗಿ ಬಂದು, ಅಡುಗೆಯವರಿಗೆ ಮೂಡಿಗೆರೆಯಿಂದ ಕಳಸದವರೆಗೆ ಬಿಡುವಿಲ್ಲ. ಗೌಡರು ತಂಗಿಯ ಬಳಿಗೇ ಬಂದರು.

"ಅಣ್ಣಯ್ಯ, ಸಂಘದವ್ರು ಬಂದು ಮಾಡ್ತೀವಿ. ಆದ್ರೆ ನಮ್ಮಲ್ಲೊಂದು ಪದ್ಧತಿ ಉಂಟು. ಬೇಯಿಸಿದೋರೇ ಬಡಿಸೋದು."

"ಯಾರಾದ್ರೂ ಬಡಿಸ್ಲಿ ಮಾರಾಯ್ತಿ, ಊಟ ಹೊತ್ತಿಗೆ ಸರಿಯಾಗಿ ಆದ್ರೆ ಸಾಕು" ಎಂದರು ಗೌಡರು. ಆ 'ಯಾರಾದ್ರೂ' ಎಂಬುದರಲ್ಲಿ ತಂಗಿಯೂ ಸೇರುತ್ತಾಳೆಂದು ಅವರ ತಲೆಗೆ ಹೊಳೆಯಲೇ ಇಲ್ಲ. ಬಾಗಿಲ ಹಿಂದೆ ಇಟ್ಟವರು ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವೇನು?

ಧಾರೆ ಮುಗಿಯಿತು. ಅಂಗಳದ ಚಪ್ಪರದಡಿ ಎಲೆ ಹಾಕಿ ಆಯಿತು, ವಧೂವರರೂ ಬೀಗರೂ ಕುಳಿತರು. ಜೊಹರಾ ಅಂಗಳದಿಂದ ಕೂಗಿದಳು: "ವಾರಿಜಕ್ಕ, ಪಂಕ್ತಿ ಕೂತಾಯ್ತು!"

ವಾರಿಜ ಪಾಯಸದ ಪಾತ್ರೆ ಎತ್ತಿಕೊಂಡು ಬಾಗಿಲಿಗೆ ಬಂದರೆ ಅಲ್ಲಿ ತಾಯಿ ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ಹಿಂದೆಯೇ ಗೌಡರೂ ಬಂದರು.

"ಹುಚ್ಚು ಹಿಡಿದಿದೆಯೇನೇ ನಿಂಗೆ?" ಎಂದರು ನಂಜಮ್ಮ. "ಮದುಮಗಳ ಎಲೆಗೆ ನೀನು ಬಡಿಸೋದಾ? ಪಾತ್ರೆ ಕೃಷ್ಣಮ್ಮನ ಕೈಗೆ ಕೊಡು."

"ಬೀಗರ ಎದುರು ಮರ್ಯಾದೆ ಕಳೀಬೇಡ," ಎಂದರು ಗೌಡರು. "ನಿಂಗೆ ಬೇಕಾದ್ದು ಆಮೇಲೆ ಕೇಳು, ಕೊಡ್ತೀನಿ. ಈಗ ಒಳಗಿರು."

ಪಾತ್ರೆ ಕೆಳಗಿಟ್ಟು ಹೊರಟುಬಿಡಬಹುದಿತ್ತು. ಸಂಘದ ಹೆಂಗಸರೆಲ್ಲ ಅವಳ ಹಿಂದೆಯೇ ಹೊರಡುತ್ತಿದ್ದರು. ಆದರೆ ಎಲೆಯ ಮುಂದೆ ಕುಳಿತವರನ್ನು ಹಸಿದ ಹೊಟ್ಟೆಯಲ್ಲಿ ಬಿಟ್ಟು ಹೋಗುವುದನ್ನು ಅವಳು ಕಲಿತಿರಲಿಲ್ಲ. ಅವಳು ತಾಯಿಯ ಕಡೆ ತಿರುಗಿದಳು.

"ಅವ್ವ, ನನ್ ಮದುವೇಲಿ ನೀನು ಎಲ್ಲಿದ್ದೆ?"

ನಂಜಮ್ಮನ ಕಣ್ಣು ಬಾಗಿಲ ಹಿಂದಿನ ಮೂಲೆಗೆ ಹೋಯಿತು.

"ಇದೇ ಬಾಗಿಲ ಹಿಂದೆ. ಹೆತ್ತ ಮಗಳ ಧಾರೆ ನೀನು ನೋಡ್ಲಿಲ್ಲ. ನನ್ ಎಲೆಗೆ ಬಡಿಸಿದೋರೆಲ್ಲ ಮುತ್ತೈದೆಯರೇ. ನಾನು ಗಂಡನ ಮನೆಗೆ ಹೊರಡುವಾಗ ಎದುರು ಬಂದೋರೂ ಮುತ್ತೈದೆಯರೇ. ನೀನು ಅಷ್ಟು ಬಚ್ಚಿಟ್ಕೊಂಡ್ಯಲ್ಲ, ನಿನ್ ಅಳಿಯ ಉಳಿದ್ರಾ ಅವ್ವ?"

ನಂಜಮ್ಮನ ಕೈಗಳು ಮೆಲ್ಲಗೆ ಕೆಳಗಿಳಿದವು. ಬಾಗಿಲಿನಿಂದ ಅವರು ಸ್ವಲ್ಪ ಸರಿದು ಜಾಗ ಕೊಟ್ಟರು. ಗೌಡರು ಬಾಯಿ ತೆರೆಯುವುದರೊಳಗೆ ವಾರಿಜ ಅಂಗಳದಲ್ಲಿದ್ದಳು.

ಅವಳು ಮೊದಲು ಶೈಲಾಳ ಮುಖ ನೋಡಿದಳು. ಹುಡುಗಿ ಅತ್ತೆಯನ್ನು ನೋಡಿ, ಕಣ್ಣು ತುಂಬಿಕೊಂಡೇ ನಕ್ಕು, "ಅತ್ತೆ, ಸ್ವಲ್ಪ ಜಾಸ್ತಿ ಹಾಕಿ" ಎಂದಳು. ವರನ ಕಡೆಯ ಹಿರಿಯರೊಬ್ಬರು ಎಲೆಯ ಮೇಲಿಂದ ಕೈ ತೆಗೆದು, "ಇದೇನು ಗೌಡ್ರೇ, ಹಣೆಯಲ್ಲಿ ಕುಂಕುಮ ಇಲ್ಲದೋರು..." ಎಂದು ಮೂಗು ಮುರಿಯಲು ಹೊರಟರು.

ಪಂಕ್ತಿಯ ಕೊನೆಯಿಂದ ಒಂದು ದೊಡ್ಡ ದನಿ ಕೇಳಿಸಿತು. ದಿಬ್ಬಣದ ಬಸ್ಸು ಓಡಿಸಿಕೊಂಡು ಬಂದಿದ್ದವನು ಭೂತಯ್ಯ. "ಯಜಮಾನ್ರೇ, ನಾನು ದಿನಾ ಈ ತಾಯಿ ಮುಖ ನೋಡಿಯೇ ಘಾಟಿ ಇಳಿಯೋದು. ಇವತ್ತು ನಿಮ್ಮನ್ನೆಲ್ಲ ಕರ್ಕೊಂಡು ಬರೋಕ್ ಹೊರಡೋ ಮುಂಚೇನೂ ಬೆಳಗಿನ ಜಾವ ಇಲ್ಲೇ ಬಂದು ಇವರ ಕೈಯದ್ದೇ ಕಾಫಿ ಕುಡಿದೆ. ಎಲ್ರೂ ಸುಖವಾಗೇ ಬಂದು ಕೂತಿದೀರಲ್ಲ! ಪಾಯಸ ಬ್ಯಾಡಾಂದ್ರೆ ಈ ಕಡೆ ದಾಟಿಸಿ."

ಪಂಕ್ತಿಯಲ್ಲಿ ನಗು ಎದ್ದಿತು. ನಕ್ಕವರಲ್ಲಿ ಮದುಮಗನೂ ಇದ್ದ. ಹಿರಿಯರು ಒಂದು ಗಳಿಗೆ ಗಂಟು ಮುಖ ಹಾಕಿಕೊಂಡು ಕುಳಿತು, ಆಮೇಲೆ ಪಾಯಸದ ಪರಿಮಳಕ್ಕೋ ಹಸಿವಿಗೋ ಸೋತು ಎಲೆ ಮುಂದಕ್ಕೆ ಸರಿಸಿಕೊಂಡರು. ಎರಡನೆಯ ಸಲ ಕೇಳಿ ಹಾಕಿಸಿಕೊಂಡದ್ದನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಮದುವೆ ಕಳೆದ ಮೇಲೆ ವಾರಿಜ ಚಿಕ್ಕಮಗಳೂರಿಗೆ ಹೊರಟು ನಿಂತಳು. ಮನೆಯಲ್ಲಿ ಮಾತುಕತೆ ಅಷ್ಟಕ್ಕಷ್ಟೇ ಆಗಿತ್ತು. ಆದರೂ ಅಂದು ಬೆಳಿಗ್ಗೆ ಗೌಡರು ಜಗಲಿಗೆ ಬಂದು, "ಬಸ್ಸಿಗೆ ಬಿಡ್ತೀನಿ, ಹತ್ತು" ಎಂದರು. ಹಳೆಯ ಅಭ್ಯಾಸದಿಂದ ಗಂಟಲೂ ಸರಿಮಾಡಿಕೊಂಡರು. ವಾರಿಜ ಕದಲಲಿಲ್ಲ. ಪೆಟ್ಟಿಗೆಯನ್ನು ಹಿಂದಿಟ್ಟು, ಅಣ್ಣನ ಪಕ್ಕದಲ್ಲಿ ಹತ್ತಿ ಕುಳಿತಳು. ಜೀಪು ಗುರುಗುಟ್ಟಿತು.

ಆಗ ಮನೆಯ ಮುಂಬಾಗಿಲಿನಿಂದ ನಂಜಮ್ಮ ಹೊರಬಂದರು. ಜಗಲಿಯ ಮೆಟ್ಟಿಲನ್ನು ಒಂದೊಂದಾಗಿ ಇಳಿದರು. ಯಾರೇ ಹೊರಟರೂ ಆ ಅಂಗಳಕ್ಕೆ ಎಂದೂ ಕಾಲಿಡದ ಆ ಮುದುಕಿ, ಕೈಯಲ್ಲಿ ಬಾಳೆಲೆಯ ಪೊಟ್ಟಣ ಹಿಡಿದು ನೇರವಾಗಿ ಜೀಪಿಗೆ ಎದುರಾಗಿ ನಡೆದು ಬಂದರು. ಗೌಡರ ಕೈ ಗೇರಿನ ಮೇಲೇ ನಿಂತಿತು.

"ಕಡುಬು ಬಿಸಿಯಿದೆ. ದಾರಿಯಲ್ಲಿ ತಿನ್ನು" ಎಂದು ಮಗಳ ಮಡಿಲಲ್ಲಿಟ್ಟರು. ಆಮೇಲೆ ಮಗನ ಮುಖ ನೋಡಿದರು. "ಏನ್ ನೋಡ್ತೀಯಾ? ಬಸ್ಸು ತಪ್ಪತ್ತೆ. ಹೊರಡು."

ಗೌಡರು ಹೊರಟರು. ಗೇಟಿನ ತಿರುವಿನಲ್ಲಿ ವಾರಿಜ ಹಿಂದಿರುಗಿ ನೋಡಿದಳು. ತಾಯಿ ಇನ್ನೂ ಅಂಗಳದ ನಟ್ಟನಡುವೆ ಬಿಸಿಲಲ್ಲಿ ನಿಂತಿದ್ದರು.