ಗೆಣ್ಣಿನ ಮೇಲೆ ಹಸಿರು

ಬಳೆ ಗೆಣ್ಣಿನ ಮೇಲೆ ಬಂದು ನಿಂತಿತು, ಹಸಿರು, ಬಿಸಿಲಿಗೆ ಕಣ್ಣು ಕುಕ್ಕುವಂಥ ಹಸಿರು, ಇದು ಯಾರ ಕೈ ಎಂದು ನೀಲಕ್ಕ ನೋಡಿದಳು, ತನ್ನದೇ — ಮೇಲೆ ಎಲ್ಲಮ್ಮನ ಗುಡಿಯಿಂದ ಉಧೋ ಉಧೋ ಎಂಬ ಕೂಗು, ಭಂಡಾರದ ಹಳದಿ ಧೂಳು ಗಂಟಲಿನ ತನಕ, ಬಾಜೂಕ್ಕೆ ಕೂತ ಅತ್ತೆ ರೇವವ್ವ ಬರಿಗೈ ಚಾಚಿ ತನ್ನ ಪಾಳಿಗೆ ಕಾಯುತ್ತಿದ್ದಾಳೆ. ಹೊಸ್ತಿಲ ಹುಣ್ಣಿಮೆಗೆ ಕಾರ್ತವೀರ್ಯ ಜಮದಗ್ನಿಯನ್ನು ಕೊಲ್ಲುತ್ತಾನೆ, ಎಲ್ಲಮ್ಮ ರಂಡೆಯಾಗುತ್ತಾಳೆ, ಹರಕೆ ಹೊತ್ತ ಮುತ್ತೈದೆಯರು ಅವಳ ಸಂಗಡ ಬಳೆ ಒಡೆದುಕೊಳ್ಳುತ್ತಾರೆ, ರೇವವ್ವನೂ ಒಡೆದುಕೊಂಡಿದ್ದಳು. ಇವತ್ತಿನ ಭಾರತ ಹುಣ್ಣಿಮೆಗೆ ಮಗ ಪರಶುರಾಮ ಸತ್ತ ತಂದೆಯನ್ನು ಎಬ್ಬಿಸುತ್ತಾನೆ, ದೇವಿ ಮತ್ತೆ ಮುತ್ತೈದೆ, ಗುಡ್ಡದಲ್ಲಿ ಎಲ್ಲರ ಕೈಗೂ ಹಸಿರು. ಧಾರವಾಡದಲ್ಲಿ ಎಂ.ಎ. ಪರೀಕ್ಷೆಗೆ ಇದನ್ನೇ ಬರೆದಿದ್ದಳು, ನಾಲ್ಕು ಪುಟ, ಋತುಚಕ್ರ, ಪುನರುಜ್ಜೀವನ, ಅಡಿಗೆರೆ ಎಳೆದು — ಆಗ ಬರೆಯುವ ಕೈಯಲ್ಲಿ ಬಳೆ ಸಪ್ಪಳ ಮಾಡುತ್ತಿದ್ದವು. ಒಡೆದದ್ದು ಎಂಬತ್ತಮೂರರ ಶ್ರಾವಣದಲ್ಲಿ, ಯರಗುಪ್ಪಿಯಿಂದ ಬರುವಾಗ ಬೆಣ್ಣಿಹಳ್ಳ ಏರಿತ್ತು, ಸೈಕಲ್ಲು ಮರುದಿನ ಸಿಕ್ಕಿತು, ಗಂಡ ಈರಬಸಪ್ಪ ಮೂರನೆಯ ದಿನ. ಖಾರ ಅರೆಯುವ ಗುಂಡಿನಿಂದ ಒಡೆದವಳು ಇದೇ ಅತ್ತೆ, ಗೋಳಾಡುತ್ತ. ನೀಲಕ್ಕ ಅಳಲಿಲ್ಲ, ಒಂದು ಚೂರು ಒಲೆಯ ತನಕ ಸಿಡಿದದ್ದನ್ನು ನೋಡುತ್ತ ಕೂತಿದ್ದಳು. ನೀನೂ ಅತ್ತಿ ಕೂಡ ಒಡಕೊಂಡಿದ್ದೇನ ತಂಗಿ, ಕೊಡ ಕೈ, ಎಂದಳು ಬಳೆಗಾರ್ತಿ ರಾಜಮಾಬಿ, ಈ ದಿನ ಈ ಗುಡ್ಡದಲ್ಲಿ ಬರಿಗೈ ಕಂಡರೆ ಅವಳಾದರೂ ಬೇರೇನು ತಿಳಿಯಬೇಕು, ಅಲ್ಲ ಎನ್ನಲು ಒಂದು ಮಾತು ಸಾಕಿತ್ತು, ಸಾಬಾಣದ ಬೆರಳುಗಳು ಆಗಲೇ ಒತ್ತುತ್ತಿದ್ದವು, ಗಂಡ ನಿನ್ನ ಕಡೆ ಕಟಗಿ ಒಡಸ್ತಾನೇನ ಬೇ, ಎಷ್ಟ ಬಿರುಸ ಅದಾವ ಗೆಣ್ಣು, ಎಂದು ನಗು — ಹಿಂದಿನಿಂದ ಊರಿನ ದೇವಕ್ಕ, ಅಯ್ಯ ಏನ ಮಾಡಾಕತ್ತೀಯವಾ, ಆಕಿ ಗಂಡ... ಸುಮ್ನಿರ ದೇವಕ್ಕ, ಎಂದಳು ರೇವವ್ವ. ಚಾಚಿದ ತನ್ನ ಕೈ ಹಿಂದಕ್ಕೆ ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡಳು. ನಂದು ಆಮ್ಯಾಲ, ಮದಲ ಆಕಿಗಿ ಇಡಸ. ಅಷ್ಟೇ, ಸೊಸೆಯ ಮುಖ ನೋಡಲಿಲ್ಲ. ರಾಜಮಾಬಿಗೆ ಈಗ ತಿಳಿಯಿತು, ನಗು ನಿಂತಿತು, ಬೆರಳು ಮಾತ್ರ ಬಿಡಲಿಲ್ಲ, ಕೈ ಸಡಲ ಬಿಡ ನನ್ನವ್ವ, ಮೆಲ್ಲಗೆ. ಬೆಣ್ಣಿಹಳ್ಳದಿಂದ ಯಾರೂ ಎದ್ದು ಬರುವುದಿಲ್ಲ, ಇದನ್ನು ಅತ್ತೆ ಬಲ್ಲಳು, ಬಲ್ಲವಳೇ ಹೇಳಿದ್ದು — ಸಡಿಲ ಬಿಡಬೇಕು, ಮುಷ್ಟಿ ಯಾವಾಗ ಕಟ್ಟಿತೋ, ಶ್ರಾವಣದಲ್ಲೋ, ಬಿಚ್ಚುವುದು ಎಲ್ಲಿಂದ, ಹೆಬ್ಬೆರಳಿನಿಂದಲೋ, ಸಾಬಾಣದ ನೊರೆ, ಬಳೆ, ಗೆಣ್ಣಿನ ಮೇಲೆ, ಹಸಿರು, ಗೆಣ್ಣಿನ ಮೇಲೆ