ಶಿವಗಂಗಾ ಜೋಕಾಲಿ ಏಕೆ ಹತ್ತಲಿಲ್ಲ?

ಕಮತಗಿಯಲ್ಲಿ ಶಿವಗಂಗಾಳ ತವರಿನ ಅಂಗಳದ ಬೇವಿನ ಮರಕ್ಕೆ ನಾಗರ ಪಂಚಮಿಯ ಜೋಕಾಲಿ ಕಟ್ಟಿ ಆಗಿತ್ತು. ಹಲಗೆಯ ಒಂದು ತುದಿಯಲ್ಲಿ ಫರಹಾನಾ ನಿಂತಿದ್ದಳು. ಇನ್ನೊಂದು ತುದಿ ಖಾಲಿ ಇತ್ತು.

ಆ ತುದಿ ಶಿವಗಂಗಾಳದು. ಅಕ್ಕಪಕ್ಕದ ಮನೆಗಳಲ್ಲಿ ಬೆಳೆದ ಈ ಗೆಳತಿಯರು ಎದುರುಬದುರು ನಿಂತು ಜೀಕಿದರೆ ಹಲಗೆ ಮಾಳಿಗೆಯ ಎತ್ತರಕ್ಕೆ ಏರುತ್ತಿತ್ತು. ಈಗ ಫರಹಾನಾ ಬಾಗಲಕೋಟೆಯಲ್ಲಿ ಫಿಸಿಯೋಥೆರಪಿಸ್ಟ್. ಶಿವಗಂಗಾ ಇಳಕಲ್ಲಿನ ಸೊಸೆ, ಎರಡು ಮಕ್ಕಳ ತಾಯಿ. ಇಬ್ಬರೂ ಒಟ್ಟಿಗೆ ತವರಿಗೆ ಬರುವುದು ಪಂಚಮಿಗೆ ಮಾತ್ರ. ಅವರ ಗೆಳೆತನಕ್ಕೆ ಉಳಿದಿದ್ದುದು ಆ ಹಲಗೆಯೊಂದೇ.

“ನಾ ಒಲ್ಲೆ,” ಎಂದಳು ಶಿವಗಂಗಾ.

ಎರಡು ವರ್ಷದ ಹಿಂದೆ ಹಸಿ ಬಾಣಂತಿ ಎಂದಿದ್ದಳು. ಹೋದ ವರ್ಷ ಕಾಲುನೋವು ಎಂದಿದ್ದಳು. ಈ ಸಲ ನೆಪವೂ ಇರಲಿಲ್ಲ.

ಫರಹಾನಾ ಹಲಗೆಯಿಂದ ಇಳಿದಳು. “ಇಳಕಲ್ಲ ಮಂದಿಗೆ ನಮ್ಮೂರ ಜೋಕಾಲಿ ಒಗ್ಗೂದಿಲ್ಲ ಬಿಡು. ಮುಂದಿನ ಪಂಚಮಿಗೆ ನಾನೂ ಬರೂದಿಲ್ಲ.”

ಅವಳು ತನ್ನ ಮನೆಯತ್ತ ನಡೆದಳು. ಶಿವಗಂಗಾ ತಡೆಯಲಿಲ್ಲ. ತಡೆದರೆ ಕಾರಣ ಹೇಳಬೇಕಾಗುತ್ತಿತ್ತು.

ಅದೇ ಹೊತ್ತಿಗೆ ಶಿವಗಂಗಾಳ ತಾಯಿ ನೀಲಾಬಾಯಿ ಹಿತ್ತಲಲ್ಲಿದ್ದಳು. ಗೆಳತಿಯರ ಮಾತು ಅಲ್ಲಿಗೂ ಕೇಳಿಸಿತ್ತು. ಅಲ್ಲಿ ಅವಳಿಗೊಂದು ಗುಟ್ಟಿನ ಕೆಲಸವಿತ್ತು. ತಂತಿಯ ಮೇಲೆ ಹರವಿದ ಸೀರೆಯ ಅಡಿಯಲ್ಲಿ, ಯಾರಿಗೂ ಕಾಣದಂತೆ, ಹಳೆಯ ಬಟ್ಟೆಯ ತುಂಡೊಂದನ್ನು ಒಣಹಾಕಬೇಕು. ಮುಟ್ಟು ನಿಂತು ವರ್ಷಗಳಾದರೂ ಆ ತುಂಡು ಅವಳಿಗೆ ಬೇಕಾಗುತ್ತಿತ್ತು. ಏಕೆಂದು ಗಂಡನಿಗೂ ಹೇಳಿರಲಿಲ್ಲ.

ಸೀರೆಯನ್ನು ಎತ್ತಿದಳು. ಅಲ್ಲಿ ಆಗಲೇ ಒಂದು ತುಂಡು ಒಣಗುತ್ತಿತ್ತು.

ಅದು ಅವಳದಲ್ಲ. ಮಗಳು ಮುಟ್ಟಿಗೆ ಪ್ಯಾಡ್ ಬಳಸುವವಳು. ಹಾಗಾದರೆ ಈ ಬಟ್ಟೆ? ನೀಲಾಬಾಯಿಗೆ ಒಂದೊಂದೇ ನೆನಪಾಯಿತು. ನಿನ್ನೆಯಿಂದ ಮಗಳು ಒಂದು ಲೋಟ ನೀರನ್ನೂ ಪೂರ್ತಿ ಕುಡಿದಿರಲಿಲ್ಲ. ಕೆಮ್ಮು ಬಂದರೆ ಕಾಲು ಕೂಡಿಸಿ ನಿಲ್ಲುತ್ತಿದ್ದಳು. ಬಟ್ಟೆಯನ್ನು ಮತ್ತೆ ಮುಚ್ಚಿ ಅವಳು ನೇರ ಪಕ್ಕದ ಮನೆಗೆ ಹೋದಳು.

“ಅಕಿಗೆ ಸೊಕ್ಕಿಲ್ಲವ್ವಾ ಫರಹಾನಾ. ಜೀಕಿದ್ರ ಅಕಿಗೆ ಉಚ್ಚಿ ಹನಿತೈತಿ. ನನಗ ಹನಿಯೂವಂಗ.”

ಸ್ವಲ್ಪ ಹೊತ್ತಿನಲ್ಲೇ ಮೂವರೂ ನೀಲಾಬಾಯಿಯ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕುಳಿತರು. ಶಿವಗಂಗಾ ತಲೆ ಎತ್ತದೆ ಎಲ್ಲವನ್ನೂ ಹೇಳಿದಳು. ಎರಡನೆಯ ಹೆರಿಗೆಯ ನಂತರ ಮೈ ಬಂದಿತ್ತು. ಇವಳಿಗೆ ಒಂಬತ್ತು ಗಜದ ಸೀರೆಯೂ ಸಾಲದೆಂದು ಕೂಸನ್ನು ನೋಡಲು ಬಂದ ನಾದಿನಿ ನಕ್ಕಿದ್ದಳು. ಬಾಣಂತನ ಮುಗಿಯುವ ಮೊದಲೇ ಶಿವಗಂಗಾ ತಾಯಿಯ ಕಣ್ಣು ತಪ್ಪಿಸಿ, ಮೊಬೈಲ್ ನೋಡಿ ಮಾಳಿಗೆಯ ಮೇಲೆ ಹಗ್ಗ ಜಿಗಿಯತೊಡಗಿದಳು. ಒಂದು ಮುಂಜಾನೆ ಜಿಗಿಯುತ್ತಿದ್ದಂತೆ ಸೀರೆ ಒದ್ದೆಯಾಯಿತು. ಅಂದಿನಿಂದ ಹಗ್ಗ ಬಿಟ್ಟಳು, ನೀರು ಬಿಟ್ಟಳು, ದೂರದ ಬಸ್ಸು ಬಿಟ್ಟಳು. ಕೊನೆಗೆ ಜೋಕಾಲಿಯನ್ನೂ.

ಫರಹಾನಾ ಅವಳ ಹತ್ತಿರ ಸರಿದು ಕುಳಿತಳು. “ದಿನಾ ಬ್ಯಾರೆ ಹೆಂಗಸರಿಗೆ ಇದನ್ನ ಕೇಳ್ತೇನಿ ಗಂಗಿ. ನಿನ್ನ ಮ್ಯಾಲ ಸಿಟ್ಟ ಮಾಡಿದೆ, ಕೇಳಲಿಲ್ಲ.”

“ಕೇಳಿದ್ರೇನ ಮಾಡ್ತಿದ್ದಿ?” ಎಂದಳು ನೀಲಾಬಾಯಿ. “ಹಡದ ಮ್ಯಾಲ ಇದು ಇದ್ದದ್ದ. ನಮ್ಮವ್ವಗೂ ಇತ್ತು. ಇದಕ್ಕ ಎಂಥಾ ದವಾಖಾನಿ?”

“ಭಾಳ ಮಂದಿಗೆ ಇರ್ತೈತಿ ಕಾಕೂ. ಹಂಗಂತ ಸಾಯೂತನಾ ಹೊರಬೇಕಂತೇನಿಲ್ಲ.”

ಅವಳು ಕಿಟಕಿಯಿಂದ ಅಂಗಳದ ಜೋಕಾಲಿಯನ್ನೇ ತೋರಿಸಿ ವಿವರಿಸಿದಳು. ನಮ್ಮ ಕೆಳಹೊಟ್ಟೆಯ ತಳದಲ್ಲೂ ಮುಂದಿನ ಎಲುಬಿನಿಂದ ಬೆನ್ನಿನ ತುದಿಯವರೆಗೆ ಸ್ನಾಯುಗಳ ಜೋಕಾಲಿಯೊಂದಿದೆ. ಮೂತ್ರಕೋಶ, ಗರ್ಭಕೋಶ ಕುಳಿತಿರುವುದು ಅದರ ಮೇಲೆ. ಬಸಿರು, ಹೆರಿಗೆಗಳಲ್ಲಿ ಅದು ಸಡಿಲಾಗುತ್ತದೆ. ಅದನ್ನು ಬಲಪಡಿಸದೆ ಜಿಗಿದರೆ ಪೆಟ್ಟೆಲ್ಲ ಅದಕ್ಕೇ ಬೀಳುತ್ತದೆ.

“ಹೊಟ್ಟಿ ಒಳಗ ಹೋಗಲಿ ಅಂತ ಬಾಣಂತನದಾಗ ನಾನ ಅಕಿ ನಡಾ ಬಿಗದ ಕಟ್ಟಿದ್ದೆ,” ಎಂದಳು ನೀಲಾಬಾಯಿ. “ಉಸಿರು ಸಿಗವಲ್ದು ಅಂದ್ರೂ ಬಿಡಲಿಲ್ಲ.”

“ಚೀಲದ ನಡಾ ಬಿಗದ್ರ ಜ್ವಾಳ ಎಲ್ಲಿಗೆ ಸರೀತಾವ ಕಾಕೂ? ತಳಕ್ಕ.”

ನೀಲಾಬಾಯಿ ತನ್ನ ಕೈಗಳನ್ನು ನೋಡಿಕೊಂಡಳು.

ಫರಹಾನಾ ಚಾಪೆಯ ಮೇಲೇ ಕಲಿಸಿದಳು. “ಗಾಳಿ ತಡದಂಗ, ಒಂದಕ್ಕ ತಡದಂಗ, ಎರಡೂ ಕೂಡೇ ಒಳಗ ಮ್ಯಾಲಕ್ಕ ಎಳೀರಿ. ಉಸಿರು ಹಿಡೀಬ್ಯಾಡ್ರಿ.” ತೊಡೆ, ಪಿರ್ರೆಗಳನ್ನು ಬಿಗಿಯಬಾರದು. ಐದು ಎಣಿಸುವವರೆಗೆ ಹಿಡಿದು ಪೂರ್ತಿ ಸಡಿಲಿಸಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಕೆಮ್ಮುವ ಮುನ್ನ, ಕೊಡ ಎತ್ತುವ ಮುನ್ನವೂ ಒಮ್ಮೆ ಎಳೆದುಕೊಳ್ಳಬೇಕು. ಜೊತೆಗೆ ನಡಿಗೆ ಇರಲಿ, ನೀರು ಬಿಡಬಾರದು. ಹನಿಯುವುದು ನಿಂತು ಬಲ ಬಂದ ಮೇಲಷ್ಟೇ ಓಟ, ಜಿಗಿತ.

“ಕುಂತಲ್ಲೇ ಜೀಕೂದು ಅನ್ನು,” ಎಂದಳು ನೀಲಾಬಾಯಿ. ಆ ದಿನ ಮೊದಲ ಬಾರಿಗೆ ಮೂವರೂ ನಕ್ಕರು.

ಹಬ್ಬ ಮುಗಿಸಿ, ಫರಹಾನಾ ಹೇಳಿದಂತೆ ತಾಯಿ, ಮಗಳು ಬಾಗಲಕೋಟೆಗೆ ಹೋಗಿ ವೈದ್ಯೆಯನ್ನು ಕಂಡರು. ಶಿವಗಂಗಾಳಿಗೆ ವ್ಯಾಯಾಮ ಸಾಕು ಎಂದರು. ನೀಲಾಬಾಯಿಯ ಗರ್ಭಕೋಶ ಜಾರಿತ್ತು. ಅದನ್ನು ತಡೆದು ಹಿಡಿಯಲು ಒಳಗೊಂದು ಮೆತ್ತನೆಯ ರಬ್ಬರಿನಂಥ ಉಂಗುರ ಇರಿಸಿದರು. ವ್ಯಾಯಾಮವನ್ನೂ ಹೇಳಿದರು. ಮೊದಲೇ ಬರಬೇಕಿತ್ತಲ್ಲ ಎಂದು ಮೆಲ್ಲಗೆ ಅಂದರು. ಮರಳುವ ಬಸ್ಸಿನಲ್ಲಿ ನೀಲಾಬಾಯಿ ಕಿಟಕಿಯತ್ತ ಮುಖ ಮಾಡಿಯೇ ಕುಳಿತಿದ್ದಳು.

ಶಿವಗಂಗಾ ವ್ಯಾಯಾಮ ಬಿಡಲಿಲ್ಲ, ಕೆಲವು ತಿಂಗಳಲ್ಲಿ ಹನಿಯುವುದು ನಿಂತಿತು. ಮುಂದಿನ ಪಂಚಮಿಗೆ ಹಲಗೆಯ ಎರಡೂ ತುದಿ ತುಂಬಿದವು. ಜೋಕಾಲಿ ಮಾಳಿಗೆಯ ಎತ್ತರಕ್ಕೆ ಏರಿತು. ಕೆಳಗೆ ನಿಂತು ತೂಗುತ್ತಿದ್ದವಳು ನೀಲಾಬಾಯಿ. ಪ್ರತಿ ವರ್ಷವೂ ಅವಳು ತೂಗುವವಳೇ. ಅದೇ ಅವಳ ಖುಷಿ ಎಂದು ಶಿವಗಂಗಾ ಇಷ್ಟು ವರ್ಷ ತಿಳಿದಿದ್ದಳು.

ಅವಳು ಇಳಿದು ತಾಯಿಯನ್ನು ಹಲಗೆಯ ಮೇಲೆ ಕೂರಿಸಿದಳು. ಮೆಲ್ಲಗೆ ತೂಗಿದಳು.

“ನಿಂತ ಜೀಕೂ ವಯಸ್ಸೆಲ್ಲಾ ಬಟ್ಟಿ ಮುಚ್ಚೂದರಾಗ ಹೋತವ್ವಾ,” ಎಂದಳು ನೀಲಾಬಾಯಿ.

ಓದುತ್ತಿರುವ ತಾಯಿ, ನಿಮ್ಮ ಸೀರೆಯ ಅಡಿಯಲ್ಲೂ ಅಂಥದೊಂದು ತುಂಡು ಒಣಗುತ್ತಿದೆಯೇ? ಹಾಗಿದ್ದರೆ ಇಂದೇ ಆಶಾ ಕಾರ್ಯಕರ್ತೆಗೆ ಹೇಳಿ. ಕೆಳಗೆ ಏನೋ ಜಾರಿದಂತಿದ್ದರೆ, ನೋವು, ಉರಿ, ರಕ್ತ ಕಂಡರೆ ಮೊದಲು ವೈದ್ಯರನ್ನು ಕಾಣಿ. ಬಾಣಂತಿ ಮಗಳಿಗೆ, ಸೊಸೆಗೆ ನಡ ಬಿಗಿಯುವ ಬದಲು ಈ ವ್ಯಾಯಾಮ ಕಲಿಸಿ. ಆಮೇಲೆ ನಿಮ್ಮ ಅವ್ವನ ಬಳಿ ಕುಳಿತು, ನಿನಗೂ ಹೀಗಾಗಿತ್ತೇ ಎಂದು ಕೇಳಿ. ಬಹುಶಃ ಅವಳನ್ನು ಇದುವರೆಗೆ ಯಾರೂ ಕೇಳಿಲ್ಲ.